ಕಂಪ್ಯೂಟರಿನ ಬುಟ್ಟಿಗೆ ನಾನು ಬಟಾಟೆ ಹಾಕಲಿಲ್ಲ

ಮುನಿಗಳು ನಮ್ಮ ಬಾಗಿಲಿಗೆ ಬಂದರು. ನಿಂತರು. ಆಮೇಲೆ ತಿರುಗಿ ಹೋದರು.

ಕಾರಣ ನಾನು.

ಹೋದ ವರ್ಷದ ಚಾತುರ್ಮಾಸದ ಮಾತು ಇದು. ನಮ್ಮ ಅಂಕಲಿಯ ಬಸದಿಯಲ್ಲಿ ಒಬ್ಬ ದಿಗಂಬರ ಮುನಿಗಳು ಮಳೆಗಾಲಕ್ಕೆಂದು ತಂಗಿದ್ದರು. ನಮ್ಮ ಪದ್ಧತಿ ಗೊತ್ತಿಲ್ಲದವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಮುನಿಗಳು ದಿನಕ್ಕೆ ಒಂದೇ ಸಲ, ನಿಂತುಕೊಂಡೇ, ಜೋಡಿಸಿದ ಎರಡು ಕೈಗಳ ಅಂಜಲಿಯಲ್ಲಿ ಆಹಾರ ಸ್ವೀಕರಿಸುತ್ತಾರೆ. ಯಾರನ್ನೂ ಬೇಡುವುದಿಲ್ಲ. ಬೆಳಿಗ್ಗೆ ಬಸದಿಯಿಂದ ಹೊರಡುವಾಗ ಮನಸ್ಸಿನಲ್ಲೇ ಒಂದು ನಿಯಮ ಹಿಡಿದಿರುತ್ತಾರೆ. ಕೈಯಲ್ಲಿ ಕಲಶ ಹಿಡಿದು ನಿಂತವರ ಮನೆಯೋ, ತೆಂಗಿನಕಾಯಿ ಹಿಡಿದ ಗಂಡ ಹೆಂಡತಿಯ ಮನೆಯೋ, ಅದು ಅವರಿಗೊಬ್ಬರಿಗೇ ಗೊತ್ತು. ಚೌಕಾ ಹಾಕಿದವರು, ಅಂದರೆ ಮಡಿಯಲ್ಲಿ ಅಡುಗೆ ಮಾಡಿ ತಯಾರಾದವರು, ತಮ್ಮ ತಮ್ಮ ಬಾಗಿಲಲ್ಲಿ ನಿಂತು 'ನಮೋಸ್ತು ಸ್ವಾಮಿ' ಎಂದು ಕರೆಯುತ್ತಾರೆ. ಮುನಿಗಳು ನಿಂತರೆ ಅವರಿಗೆ ಮೂರು ಪ್ರದಕ್ಷಿಣೆ ಹಾಕಿ, ಮನ ಶುದ್ಧಿ, ವಚನ ಶುದ್ಧಿ, ಕಾಯ ಶುದ್ಧಿ, ಆಹಾರ ಜಲ ಶುದ್ಧಿ ಎಂದು ಬಾಯಿ ಬಿಟ್ಟು ಹೇಳಿ ಒಳಗೆ ಕರೆದುಕೊಳ್ಳಬೇಕು. ಆಮೇಲೆ ಎತ್ತರದ ಆಸನ, ಪಾದ ತೊಳೆಯುವುದು, ಪೂಜೆ, ನಮಸ್ಕಾರ, ಮತ್ತೆ ಆ ನಾಲ್ಕು ಶುದ್ಧಿಯ ಮಾತು. ಒಟ್ಟು ಒಂಬತ್ತು ವಿಧಿ. ಇದರಲ್ಲಿ ಒಂದು ತಪ್ಪಿದರೂ ಅವರು ಅಂಜಲಿ ತೆರೆಯುವುದಿಲ್ಲ.

ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ನಾನು ಇದನ್ನು ಮಾಡುತ್ತ ಬಂದವಳು. ನಿದ್ದೆಗಣ್ಣಿನಲ್ಲಿ ಕೇಳಿದರೂ ಹೇಳುತ್ತಿದ್ದೆ. ಆ ದಿನ ಎರಡು ಸುತ್ತು ಸರಿಯಾಗಿ ಬಂದೆ. ಮೂರನೆಯದಕ್ಕೆ ತಿರುಗಿದೆ.

ಕಾಲು ಏಳಲಿಲ್ಲ.

ನೋವಿಲ್ಲ, ಜೋಮು ಇಲ್ಲ. ನೆಲಕ್ಕೆ ಯಾರೋ ಅಂಟು ಹಚ್ಚಿಟ್ಟ ಹಾಗೆ. ಹಿಂದೆ ಬರುತ್ತಿದ್ದ ನಮ್ಮ ಯಜಮಾನರು ನನಗೆ ಡಿಕ್ಕಿ ಹೊಡೆದರು. ಕಲಶದ ನೀರು ಚೆಲ್ಲಿತು. ಕಾಲು ಹೋಗಲಿ, ಬಾಯಾದರೂ ನಡೆಯಬೇಕಲ್ಲ? 'ಮನ ಶುದ್ಧಿ' ಎಂದೆ. ಮುಂದಿನದು ಬರಲಿಲ್ಲ. ಮತ್ತೆ 'ಮನ ಶುದ್ಧಿ' ಎಂದೆ. ತಲೆಯಲ್ಲಿ ಖಾಲಿ ಕೋಣೆ. ಮುನಿಗಳು ಸ್ವಲ್ಪ ಹೊತ್ತು ಕಾದರು, ಮುಖದಲ್ಲಿ ಬೇಸರವೂ ಇಲ್ಲ, ಕೋಪವೂ ಇಲ್ಲ. ತಿರುಗಿ ಎದುರು ಮನೆಯ ಕುಸುಮಕ್ಕನ ಬಾಗಿಲಿಗೆ ನಡೆದರು.

ಸೊಸೆ ಸ್ಮಿತಾ ನನ್ನ ರಟ್ಟೆ ಹಿಡಿದು ಕೂರಿಸಿದಳು. ಯಜಮಾನರು, ಚಕ್ಕರ ಬಂತೇನು, ಉಪವಾಸ ಮಾಡಿದ್ದೀಯೇನು ಎಂದು ಕೇಳುತ್ತಲೇ ಇದ್ದರು. ನಾನು ಅಳಲಿಲ್ಲ. ನಾನು ಸೊಕ್ಕಿನ ಹೆಂಗಸು, ಮುಚ್ಚಿಡುವುದೇನಿದೆ? ಎದುರು ಮನೆಯಿಂದ ಪೂಜೆಯ ಗಂಟೆ ಕೇಳಿಸಿದಾಗ ಮಾತ್ರ ಎದ್ದು ಒಳಗೆ ಹೋದೆ. ಮಡಿಯಲ್ಲಿ ಮಾಡಿದ ಅಡುಗೆ ಮುಚ್ಚಿಟ್ಟ ಹಾಗೇ ಇತ್ತು. ಅಂಥ ನಾಚಿಕೆ ನನ್ನ ಜೀವಮಾನದಲ್ಲಿ ಆಗಿರಲಿಲ್ಲ.

ಈಗ ಹಿಂದಿರುಗಿ ನೋಡಿದರೆ ಮುನ್ಸೂಚನೆ ಬೇಕಾದಷ್ಟಿದ್ದವು. ಟಿವಿ ನೋಡುತ್ತ ಕೂತಾಗ ಬಲಗೈ ಹೆಬ್ಬೆರಳು ತನ್ನಷ್ಟಕ್ಕೆ ಆಡುತ್ತಿತ್ತು. ಭುಜ ಹಿಡಿದಿದೆ ಎಂದು ಚಿಕ್ಕೋಡಿಗೆ ಹೋಗಿ ಎಣ್ಣೆ, ಬಿಸಿ ಶಾಖ, ಇಂಜೆಕ್ಷನ್ ಎಲ್ಲ ಆಗಿತ್ತು. ಒಲೆಯ ಮೇಲೆ ತುಪ್ಪ ಕರಟಿ ಮನೆಯೆಲ್ಲ ಹೊಗೆಯಾದರೂ ಮೂಗಿಗೆ ವಾಸನೆ ಬಡಿದಿರಲಿಲ್ಲ. ಎಲ್ಲಕ್ಕಿಂತ ನನ್ನನ್ನು ಕಾಡಿದ್ದು ಅಡುಗೆಮನೆ. ಕುಕ್ಕರ್ ಏರಿಸುತ್ತಿದ್ದೆ, ಒಗ್ಗರಣೆಗೆ ಇಡುತ್ತಿದ್ದೆ, ಅಷ್ಟರಲ್ಲಿ ಹಾಲು ನೆನಪಾಗಿ ಅದನ್ನಿಡುತ್ತಿದ್ದೆ, ಮೂರರ ನಡುವೆ ನಿಂತುಬಿಡುತ್ತಿದ್ದೆ. ಯಾವುದು ಮೊದಲು, ಯಾವುದು ಆಮೇಲೆ? ಒಂದೊಂದೂ ಗೊತ್ತು. ಕೂಡಿಸಲು ಬರುತ್ತಿರಲಿಲ್ಲ. ಮನೆಯವರೆಲ್ಲ ವಯಸ್ಸು ಎಂದರು. ಅರವತ್ತೊಂದು ಒಂದು ವಯಸ್ಸೇ? ನಮ್ಮತ್ತೆ ಎಂಬತ್ತರಲ್ಲಿ ಸಂಡಿಗೆ ಇಡುತ್ತಿದ್ದರು.

ಸ್ಮಿತಾ ಮಾತ್ರ ವಯಸ್ಸು ಎನ್ನಲಿಲ್ಲ. ಇಚಲಕರಂಜಿಯ ಹುಡುಗಿ, ಮಾತು ಕಡಿಮೆ, ಕಣ್ಣು ಚುರುಕು. ಮಿರಜಿನ ದೊಡ್ಡ ದವಾಖಾನೆಯಲ್ಲಿ ನರರೋಗದ ಡಾಕ್ಟರಿಗೆ ತೋರಿಸೋಣ ಎಂದು ಹಟ ಹಿಡಿದಳು. ಡಾಕ್ಟರು ಬೆರಳು ಬಡಿಯಲು ಹೇಳಿದರು. ಮಣಿಕಟ್ಟು ಹಿಡಿದು ಅಲ್ಲಾಡಿಸಿದರು. ಕಾರಿಡಾರಿನಲ್ಲಿ ನಡೆದು ತಿರುಗಿ ಬರಲು ಹೇಳಿದರು. ತಿರುಗುವಾಗ ಕಾಲು ಅದೇ ಆಟ ಹೂಡಿತು. ಅವರಿಗೆ ಅಷ್ಟು ಸಾಕಾಯಿತು.

ಪಾರ್ಕಿನ್ಸನ್ಸ್.

ಮರಾಠಿಯಲ್ಲಿ ನಿಧಾನವಾಗಿ ತಿಳಿಸಿ ಹೇಳಿದರು. ಮೆದುಳಿನಲ್ಲಿ ಡೋಪಮೈನ್ ಎನ್ನುವುದು ಕಡಿಮೆಯಾಗುತ್ತದೆ, ಪೂರ್ತಿ ವಾಸಿಯಾಗುವ ರೋಗವಲ್ಲ, ಗುಳಿಗೆಯಿಂದ ಹಿಡಿತದಲ್ಲಿ ಇಡಬಹುದು, ತುಂಬ ವರ್ಷ ಚೆನ್ನಾಗಿಯೇ ಇರಬಹುದು. ಯಜಮಾನರ ಮುಖ ಸಣ್ಣದಾಯಿತು. ಕೃಷ್ಣೆಗೆ ಮಹಾಪೂರ ಬಂದು ಎಲ್ಲ ಕಬ್ಬು ಮುಳುಗಿದಾಗಲೂ ನಾನು ಆ ಮುಖ ನೋಡಿರಲಿಲ್ಲ. ನಾನು ಒಂದೇ ಪ್ರಶ್ನೆ ಕೇಳಿದೆ. ಮುಂದಿನ ಚಾತುರ್ಮಾಸಕ್ಕೆ ನನ್ನ ಕೈಯಿಂದ ಆಹಾರ ಕೊಡಲು ಆಗುತ್ತದೆಯೇ? ಡಾಕ್ಟರು, ಯಾರಿಗೆ ಬೇಕಾದರೂ ಊಟಕ್ಕೆ ಹಾಕಿ, ಅಡ್ಡಿಯಿಲ್ಲ ಎಂದರು. ನಾನು ಕೇಳಿದ್ದೇನೆಂದು ಅವರಿಗೆ ತಿಳಿಯಲಿಲ್ಲ, ನನಗೆ ತಿಳಿಸಿ ಹೇಳುವ ತ್ರಾಣ ಇರಲಿಲ್ಲ.

ಗುಳಿಗೆ ಶುರುವಾದವು. ಕೊನೆಯದು ರಾತ್ರಿ ಊಟದ ನಂತರ ಎಂದು ಬರೆದಿದ್ದರು. ಸೂರ್ಯ ಮುಳುಗಿದ ಮೇಲೆ ನಮ್ಮಲ್ಲಿ ಊಟವಿಲ್ಲ, ನಾನಂತೂ ನೀರನ್ನೂ ಮುಟ್ಟುವುದಿಲ್ಲ. ಡಾಕ್ಟರಿಗೆ ಎದುರು ಮಾತಾಡಬೇಡ ಎಂದು ಯಜಮಾನರು ಕಣ್ಸನ್ನೆ ಮಾಡಿದರು. ಹೊಲದಲ್ಲಿ ಹುಲಿಯ ಹಾಗಿರುವ ಮನುಷ್ಯ, ದವಾಖಾನೆಯ ಮೆಟ್ಟಿಲು ಹತ್ತಿದರೆ ಬೆಕ್ಕು. ನಾನೇ ಹೇಳಿದೆ. ಡಾಕ್ಟರು ಸಿಟ್ಟಾಗಲಿಲ್ಲ. ನಿಧಾನವಾಗಿ ಕರಗುವ ಗುಳಿಗೆಯನ್ನು ಸೂರ್ಯಾಸ್ತಕ್ಕೆ ಮುಂಚೆ ತೆಗೆದುಕೊಳ್ಳಲು ಬರೆದುಕೊಟ್ಟರು, ಆದರೆ ಬೆಳಗಿನ ಹೊತ್ತು ಮೈ ಬಿಗಿಯುತ್ತದೆ, ತಡೆದುಕೊಳ್ಳಬೇಕು ಎಂದರು. ಬಿಗಿಯುತ್ತದೆ. ತಡೆದುಕೊಳ್ಳುತ್ತೇನೆ. ನಾನು ಆರಿಸಿಕೊಂಡದ್ದು ಇದು.

ಗುಳಿಗೆ ಮೈಗೆ ಒಳ್ಳೆಯದು ಮಾಡಿದವು. ಭುಜ ಸಡಿಲಾಯಿತು, ನಡಿಗೆ ಹಗುರಾಯಿತು. ನಡುಕ ಪೂರ್ತಿ ಹೋಗಲಿಲ್ಲ, ಆದರೆ ಅದರ ಗುಣ ನನಗೆ ಅರ್ಥವಾಯಿತು. ಸುಮ್ಮನೆ ಕೂತರೆ ನಡುಗುವ ಕೈ, ಕೆಲಸಕ್ಕೆ ಹಚ್ಚಿದರೆ ತೆಪ್ಪಗಾಗುತ್ತದೆ. ನನ್ನದೇ ಸ್ವಭಾವ ಅದಕ್ಕೂ. ಆದರೆ ತಲೆಯಲ್ಲಿನ ಆ ಖಾಲಿ ಕೋಣೆ ಹಾಗೇ ಉಳಿಯಿತು. ಎರಡು ಕೆಲಸ ಒಟ್ಟಿಗೆ ಬಂದರೆ ಒಂದು ಜಾರಿ ಹೋಗುತ್ತಿತ್ತು. ಅಡುಗೆಮನೆ ನನಗೆ ಗೊತ್ತಾಗದ ಹಾಗೆ ಸೊಸೆಯ ಕೈಗೆ ಹೋಯಿತು. ಯಾರೂ ಕಸಿದುಕೊಳ್ಳಲಿಲ್ಲ. ಅತ್ತಿ ನೀವು ಕೂಡ್ರಿ, ಅತ್ತಿ ನಾ ಮಾಡ್ತೀನಿ, ಎಂದು ಪ್ರೀತಿಯಿಂದಲೇ ಹೋಯಿತು. ಪ್ರೀತಿಯಿಂದ ಹೋದದ್ದನ್ನು ಮರಳಿ ಕೇಳುವುದು ಹೇಗೆ?

ಚಳಿಗಾಲದಲ್ಲಿ ಊರೂರಿಗೆ ಕಾಲ್ನಡಿಗೆಯಲ್ಲಿ ವಿಹಾರ ಮಾಡುತ್ತ ಬೇರೊಂದು ಸಂಘದ ಮುನಿಗಳು ಊರಿಗೆ ಬಂದು ಒಂದೆರಡು ದಿನ ನಿಂತರು. ನಮ್ಮ ಮನೆಯಲ್ಲಿ ಸ್ಮಿತಾ ಕಲಶ ಹಿಡಿದಳು. ನಾನು ಒಳಗೆ ಕುರ್ಚಿಯ ಮೇಲೆ. ಮಧ್ಯಾಹ್ನ ಬಸದಿಯಲ್ಲಿ ಕುಸುಮಕ್ಕ ಪಕ್ಕದಲ್ಲಿ ಬಂದು ಕೂತಳು. ಕೆಟ್ಟವಳಲ್ಲ ಅವಳು, ನನ್ನ ಹೆರಿಗೆಗೆ ಓಡಿ ಬಂದವಳು. ಆದರೆ ಅನ್ನಬೇಕೆನಿಸಿದ್ದನ್ನು ಅಂದೇಬಿಡುವವಳು.

"ತಪ್ಪ ತಿಳಕೋಬ್ಯಾಡ ರಾಜಮತಿ. ಮೈಯಾಗ ರೋಗ ಇದ್ದೋರು, ಕೈ ನಡಗೋರು ಆಹಾರ ಕೊಡಬಾರ್ದು ಅಂತಾರ. ನೀ ಕಾಯ ಶುದ್ಧಿ ಅಂತ ಹೆಂಗ ಹೇಳ್ತಿ?"

ಮನೆಗೆ ಬಂದ ಮೇಲೆ ಹತ್ತು ಉತ್ತರ ಹೊಳೆದವು, ಒಂದೂ ನನಗೇ ಒಪ್ಪಿಗೆಯಾಗಲಿಲ್ಲ. ಅನ್ನ ಕಲಸುವಾಗ ನಡುಗದ ನನ್ನ ಕೈ ನೋಡಿದೆ. ಕೈಯ ಚಿಂತೆ ನನಗಿರಲಿಲ್ಲ. ಆ ಮಾತು ಹೇಳುವ ಹೊತ್ತಿಗೆ ತಲೆ ಕೈ ಕೊಟ್ಟರೆ? ಮತ್ತೊಮ್ಮೆ ಅವರನ್ನು ಬಾಗಿಲಿಂದ ತಿರುಗಿಸಿ ಕಳಿಸಿದರೆ? ಅದನ್ನು ನಾನು ತಾಳಲಾರೆ. ಆಗ ಸ್ಮಿತಾಳಿಗೆ ಮನಸ್ಸು ಬಿಚ್ಚಿ ಹೇಳಿದೆ. ಮುಂದಿನ ಸಲ ತಪಾಸಣೆಗೆ ಹೋದಾಗ ಅವಳು ಡಾಕ್ಟರಿಗೆ ಎಲ್ಲವನ್ನೂ ಬಿಡಿಸಿ ಹೇಳಿದಳು, ಒಂಬತ್ತು ವಿಧಿಯ ಸಮೇತ. ಅವರು ನಮ್ಮನ್ನು ಮೇಲಿನ ಮಹಡಿಗೆ ಕಳಿಸಿದರು.

ಅಲ್ಲಿದ್ದವಳು ಥೆರಪಿಸ್ಟ್ ಮೃಣಾಲ್. ನನ್ನ ಮಗನ ವಯಸ್ಸಿನವಳು. ಅವಳ ತಾಯಿಯ ತವರು ಕಾಗವಾಡ, ಹಾಗಾಗಿ ನಮ್ಮ ಮಾತು ಬರುತ್ತಿತ್ತು, ನನ್ನನ್ನು ಚಿಕ್ಕಮ್ಮ ಎನ್ನುವ ಹಾಗೆ ಕಾಕು ಎಂದು ಕರೆದಳು. ಕಂಪ್ಯೂಟರಿನ ಮುಂದೆ ಕೂರಿಸಿದಳು. ಪರದೆಯ ಮೇಲೆ ಚೌಕಗಳು ಒಂದೊಂದಾಗಿ ಹೊತ್ತಿಕೊಳ್ಳುತ್ತವೆ, ಆರಿದ ಮೇಲೆ ಅದೇ ಕ್ರಮದಲ್ಲಿ ಮುಟ್ಟಬೇಕು. ಹಸಿರು ಗುಂಡು ಬಂದರೆ ಒತ್ತಬೇಕು, ಕೆಂಪು ಬಂದರೆ ಕೈ ಕಟ್ಟಿ ಕೂರಬೇಕು. ಒಮ್ಮೆ ಅಂಕಿ, ಒಮ್ಮೆ ಅಕ್ಷರ, ಮತ್ತೆ ಅಂಕಿ, ಹೀಗೆ ಗೆರೆ ಎಳೆಯುತ್ತ ಹೋಗಬೇಕು. ಸರಿಯಾದರೆ ಕಂಪ್ಯೂಟರ್ ಚಪ್ಪಾಳೆ ತಟ್ಟುತ್ತದೆ.

ನನಗೆ ಮೈಯೆಲ್ಲ ಉರಿಯಿತು. ಇದು ಅಂಗನವಾಡಿಯ ಆಟ. ಮೂವತ್ತು ಜನಕ್ಕೆ ಹೋಳಿಗೆ ಊಟ ಮಾಡಿ ಬಡಿಸಿದವಳಿಗೆ ಹಸಿರು ಗುಂಡು ಒತ್ತಲು ಹೇಳುತ್ತಾರಲ್ಲ! ಆದರೆ ಅಂಕಿ ಅಕ್ಷರದ ಆಟದಲ್ಲಿ ಮೂರನೆಯ ಹೆಜ್ಜೆಗೇ ನಿಂತುಬಿಟ್ಟೆ. ಅಂಗಳದಲ್ಲಿ ಕಾಲು ನಿಂತ ಹಾಗೆಯೇ ಪರದೆಯ ಮೇಲೆ ಬೆರಳು ನಿಂತಿತು. ಆಮೇಲೆ ನಾನು ಅಂಗನವಾಡಿ ಎನ್ನಲಿಲ್ಲ.

ವಾರಕ್ಕೆ ಎರಡು ಸಲ ಮಿರಜ್, ಉಳಿದ ದಿನ ಮನೆಯಲ್ಲಿ ಸ್ಮಿತಾಳ ಹಳೆಯ ಲ್ಯಾಪ್‌ಟಾಪ್ ಮೇಲೆ. ಆಟಕ್ಕೆ ಇಂಗ್ಲಿಷ್ ಇತ್ತು, ಹಿಂದಿ ಇತ್ತು, ಮರಾಠಿ ಇತ್ತು, ಕನ್ನಡ ಇರಲಿಲ್ಲ. ನಾನು ಮರಾಠಿ ಇಟ್ಟುಕೊಂಡೆ. ಗಡಿಯಲ್ಲಿ ಹುಟ್ಟಿದವರಿಗೆ ಇಷ್ಟಾದರೂ ಲಾಭ ಬೇಡವೇ? ಮಧ್ಯಾಹ್ನದ ಗುಳಿಗೆ ಹತ್ತಿ ಮೈ ಹಗುರಾದ ಮೇಲೆ ಕೂರುತ್ತಿದ್ದೆ. ಯಜಮಾನರು ಕಬ್ಬಿನ ಹೊಲದಿಂದ ಬಂದವರೇ, ಇವತ್ತು ಕಂಪ್ಯೂಟರ್ ಗೆದ್ದಿತೋ ನೀನು ಗೆದ್ದೆಯೋ ಎಂದು ಕೆಣಕುತ್ತಿದ್ದರು. ಒಂದು ದಿನ ಅವರನ್ನೇ ಕೂರಿಸಿದೆ. ಚೌಕಗಳ ಆಟದಲ್ಲಿ ನನಗಿಂತ ಹಿಂದೆ ಬಿದ್ದರು. ಕನ್ನಡಕ ಸರಿಯಿಲ್ಲ ಎಂದು ಎದ್ದು ಹೋದರು. ಆ ರಾತ್ರಿ ನನಗೆ ಒಳ್ಳೆಯ ನಿದ್ದೆ ಬಂತು.

ಆಮೇಲೆ ಬುಟ್ಟಿಯ ಆಟ ಬಂತು.

ಪರದೆಯ ಮೇಲೆ ಸಂತೆ. ತರಕಾರಿ ಒಂದಾದ ಮೇಲೊಂದು ಸರಿದು ಹೋಗುತ್ತವೆ, ನಡುವೆ ಚಪ್ಪಲಿ, ಬೀಗ, ಬಾಚಣಿಗೆ ಕೂಡ ಬರುತ್ತವೆ. ತರಕಾರಿಯನ್ನಷ್ಟೇ ಬೇಗ ಬೇಗ ಮುಟ್ಟಿ ಬುಟ್ಟಿಗೆ ಹಾಕಬೇಕು, ಉಳಿದದ್ದನ್ನು ಬಿಡಬೇಕು. ನಾನು ಬದನೆ ಹಾಕಿದೆ, ಹೀರೆ ಹಾಕಿದೆ, ಬೆಂಡೆ ಹಾಕಿದೆ. ಆಟದ ಅಂಕಗಳು ನೇರವಾಗಿ ದವಾಖಾನೆಗೆ ಹೋಗುತ್ತಿದ್ದವು. ದಿನವೂ ಆಡಿದೆ, ನನ್ನ ಮಟ್ಟಿಗೆ ಚೆನ್ನಾಗಿಯೇ ಆಡಿದೆ. ಆದರೆ ಅಂಕ ಏರಲಿಲ್ಲ, ಅರ್ಧಕ್ಕಿಂತ ಕೆಳಗೇ ನಿಂತಿತು. ನಾನು ಅಂಕ ನೋಡುತ್ತಿರಲಿಲ್ಲ. ಶಾಲೆ ಬಿಟ್ಟ ಮೇಲೆ ಅಂಕದ ಹಂಗು ಯಾಕೆ?

ಮುಂದಿನ ಭೇಟಿಯಲ್ಲಿ ಮೃಣಾಲ್ ನಗಲಿಲ್ಲ. ಯಜಮಾನರನ್ನೂ ಸ್ಮಿತಾಳನ್ನೂ ಪಕ್ಕದ ಕೋಣೆಗೆ ಕರೆದು ಬಾಗಿಲು ಹಾಕಿಕೊಂಡಳು. ಹೊರಗೆ ಬಂದಾಗ ಯಜಮಾನರ ಮುಖ ಮತ್ತೆ ಸಣ್ಣದಾಗಿತ್ತು. ಎದುರಿಗೆ ಕಂಡ ತರಕಾರಿಯನ್ನು ತರಕಾರಿ ಎಂದು ಗುರುತು ಹಿಡಿಯುವುದೇ ನನಗೆ ತಪ್ಪುತ್ತಿದೆ, ಬಹುಶಃ ರೋಗ ಅಂದುಕೊಂಡದ್ದಕ್ಕಿಂತ ಬೇಗ ತಲೆಗೆ ಏರುತ್ತಿದೆ, ಡಾಕ್ಟರಿಗೆ ಹೇಳಿ ನೆನಪಿನ ಗುಳಿಗೆ ಶುರು ಮಾಡಬೇಕಾಗಬಹುದು. ಇದನ್ನೆಲ್ಲ ಸ್ಮಿತಾ ನನ್ನ ಕೈ ಹಿಡಿದು ಸಣ್ಣ ದನಿಯಲ್ಲಿ ಹೇಳಿದಳು.

ಇಷ್ಟು ಬೇಗವೇ? ನನಗೇ ಗೊತ್ತಾಗದ ಹಾಗೆ ತಲೆ ಹೋಗುತ್ತದೆಯೇ? ಹುಚ್ಚರಿಗೆ ತಾವು ಹುಚ್ಚರೆಂದು ಗೊತ್ತಿರುವುದಿಲ್ಲವಂತೆ. ಆದರೆ ಭಯದ ಹಿಂದೆಯೇ ನನ್ನ ಸೊಕ್ಕೂ ಎದ್ದಿತು. ನನ್ನ ಎದುರಿಗೇ ಹಚ್ಚು, ಏನು ತಪ್ಪಿದೆ ತೋರಿಸು ಎಂದು ಮೃಣಾಲಳಿಗೆ ಹೇಳಿದೆ. ಅವಳು ಆಟ ಹಚ್ಚಿದಳು. ನಾನು ಆಡಿದೆ. ಬದನೆ ಬುಟ್ಟಿಗೆ. ಬೀಗ ಬಿಟ್ಟೆ. ಮುಂದಿನದನ್ನೂ ಬಿಟ್ಟೆ. ಅವಳು ಆಟ ನಿಲ್ಲಿಸಿ, ಕಾಕು ಇದು ಏನು ಎಂದು ಬೆರಳಿಟ್ಟು ಕೇಳಿದಳು.

"ಬಟಾಟಿ."

"ತರಕಾರಿ ಹೌದಲ್ಲರಿ? ಮತ್ತ್ಯಾಕ ಬಿಟ್ರಿ?"

"ಅಲ್ಲವಾ, ನೆಲದಾಗ ಬೆಳೆದದ್ದನ್ನ ನಾ ಹೆಂಗ ಬುಟ್ಟಿಗೆ ಹಾಕ್ಲಿ? ನಾವು ಜೈನರು."

ಸ್ಮಿತಾ ಸೆರಗು ಬಾಯಿಗೆ ಒತ್ತಿಕೊಂಡಳು. ಯಜಮಾನರು ಗೋಡೆಯ ಕಡೆ ತಿರುಗಿ ನಕ್ಕರು, ನಗುತ್ತ ಕಣ್ಣು ಒರೆಸಿಕೊಂಡರು. ಗಡ್ಡೆ ಗೆಣಸು ನಾವು ತಿನ್ನುವುದಿಲ್ಲ, ಮಣ್ಣಿನೊಳಗಿನ ಲೆಕ್ಕವಿಲ್ಲದಷ್ಟು ಜೀವ ಅದರೊಂದಿಗೆ ಹೋಗುತ್ತವೆ ಎಂದು ಸಣ್ಣಂದಿನಿಂದ ಕಲಿತದ್ದು. ಕಂಪ್ಯೂಟರಿನಲ್ಲಿದ್ದದ್ದು ಬರೀ ಚಿತ್ರ, ನನಗೆ ಗೊತ್ತಿಲ್ಲವೇ? ಗೊತ್ತು. ಆದರೂ ಬೆರಳು ಹೋಗುವುದಿಲ್ಲ. ನಾನು ಬಿಟ್ಟದ್ದನ್ನೆಲ್ಲ ಬಂದ ಕ್ರಮದಲ್ಲೇ ಮೃಣಾಲಳಿಗೆ ಹೇಳಿದೆ. ಬಟಾಟೆ, ಉಳ್ಳಾಗಡ್ಡಿ, ಗಜ್ಜರಿ, ಮೂಲಂಗಿ, ಬೆಳ್ಳುಳ್ಳಿ, ಮತ್ತೆ ಬಟಾಟೆ. ಅವಳು ಪರದೆ ಹಿಂದಕ್ಕೆ ತಿರುಗಿಸಿ ತಾಳೆ ನೋಡಿದಳು. ಒಂದೂ ತಪ್ಪಿರಲಿಲ್ಲ.

ನೆನಪಿನ ಗುಳಿಗೆಯ ಮಾತು ಅಲ್ಲಿಗೇ ನಿಂತಿತು. ಬೇಡದ್ದಕ್ಕೆ ಕೈ ಚಾಚದಿರುವುದೇ ಆ ಆಟದ ಪರೀಕ್ಷೆ, ಅದರಲ್ಲಿ ನಿಮ್ಮನ್ನು ಮೀರಿಸುವವರನ್ನು ನಾನು ನೋಡಿಲ್ಲ ಎಂದಳು ಮೃಣಾಲ್. ಅಲ್ಲಿದ್ದವರ ಮುಂದೆ ನಾನು ಬೀಗಲಿಲ್ಲ. ಮನೆಗೆ ಬರುವ ದಾರಿಯುದ್ದಕ್ಕೂ ಬೀಗಿದೆ. ಆದರೆ ಅವಳು ಇನ್ನೂ ಒಂದು ಮಾತು ಹೇಳಿದ್ದಳು, ಅದು ಕಹಿಯಾದರೂ ಸತ್ಯ. ಅಂಕಿ ಅಕ್ಷರದ ಆಟದಲ್ಲಿ ನಾನು ನಿಜವಾಗಿಯೂ ಹಿಂದಿದ್ದೆ. ಅದಕ್ಕೆ ಬಟಾಟೆಯ ನೆಪ ನಡೆಯುವಂತಿರಲಿಲ್ಲ.

"ಕಾಕು, ಆಟ ಆಡಿದ್ರ ಆಟ ಛಲೋ ಬರ್ತೈತಿ. ಮನಿ ಕೆಲಸ ಛಲೋ ಬರಬೇಕಂದ್ರ ಮನಿ ಕೆಲಸಾನ ಆಟದಾಗ ತರಬೇಕು."

ನಿಮಗೆ ಯಾವುದು ಬೇಕು ಎಂದು ಕೇಳಿದಳು. ಹೇಳಿದೆ.

ಆ ಕಂಪ್ಯೂಟರಿನಲ್ಲಿ ನಮ್ಮದೇ ಫೋಟೋ ಹಾಕಿ ಕ್ರಮ ಜೋಡಿಸುವ ಆಟ ಮಾಡಿಕೊಳ್ಳಲು ಬರುತ್ತಿತ್ತು. ಸ್ಮಿತಾ ಮನೆಯಲ್ಲಿ ಮೊಬೈಲ್ ಹಿಡಿದು ಫೋಟೋ ತೆಗೆದಳು. ಬಾಗಿಲಲ್ಲಿ ಕಲಶ, ಎತ್ತರದ ಮಣೆ, ಪಾದ ತೊಳೆಯುವ ತಟ್ಟೆ, ಅರ್ಘ್ಯದ ತಾಟು, ಮುಗಿದ ಕೈ. ಮನ ಶುದ್ಧಿಗೆ ದೀಪ, ವಚನ ಶುದ್ಧಿಗೆ ಗಂಟೆ, ಕಾಯ ಶುದ್ಧಿಗೆ ಹಗ್ಗದ ಮೇಲೆ ಒಣ ಹಾಕಿದ ನನ್ನ ಮಡಿ ಸೀರೆ, ಆಹಾರ ಶುದ್ಧಿಗೆ ಮುಚ್ಚಿದ ಪಾತ್ರೆ. ಮುನಿಗಳ ಚಿತ್ರ ಮಾತ್ರ ಹಾಕಬೇಡ ಎಂದೆ, ಅವರನ್ನು ಆಟಕ್ಕೆ ತರಬಾರದು. ಒಂಬತ್ತು ಚಿತ್ರ ಕಲಸಿ ಬರುತ್ತವೆ, ಸರಿಯಾಗಿ ಜೋಡಿಸಬೇಕು. ಬಂದರೆ ಮುಂದಿನ ಸಲ ವೇಗ ಹೆಚ್ಚು. ಅದೂ ಬಂದರೆ ಜೋಡಿಸುತ್ತಲೇ ಬಾಯಲ್ಲಿ ಮಾತು ಹೇಳಬೇಕು. ಅದೂ ಬಂದರೆ ನಡುವೆ ಹಸಿರು ಗುಂಡು ಬರುತ್ತದೆ, ಅದನ್ನೂ ಒತ್ತಬೇಕು.

ನಾನು ಸಾವಿರ ಸಲ ಮಾಡಿದ ವಿಧಿಯನ್ನು ಫೋಟೋ ನೋಡಿ ಕಲಿಯುತ್ತಿದ್ದೆ. ಮೊದಮೊದಲು ಅವಮಾನವಾಗುತ್ತಿತ್ತು. ವಚನ ಆದ ಮೇಲೆ ಕೈ ಹೋಗಿ ತಟ್ಟೆಯ ಮೇಲೆ ಬೀಳುತ್ತಿತ್ತು. ಒಂದು ಸಲ ಸಿಟ್ಟಿನಲ್ಲಿ ಲ್ಯಾಪ್‌ಟಾಪ್ ದಪ್ಪನೆ ಮುಚ್ಚಿ ಸ್ಮಿತಾಳ ಮೇಲೆ ಕೂಗಾಡಿದೆ, ನಿನಗೆ ನನ್ನನ್ನು ಕೂಸು ಮಾಡುವುದೇ ಬೇಕಾಗಿದೆ ಎಂದೆ. ಅವಳು ಅರ್ಧ ತಾಸು ಬಿಟ್ಟು ಲ್ಯಾಪ್‌ಟಾಪ್ ತೆರೆದು ನನ್ನ ಮುಂದೆ ಇಟ್ಟು ಹೋದಳು. ಆ ಹುಡುಗಿಯ ತಾಳ್ಮೆಯ ಬಗ್ಗೆ ನನಗೆ ಹೆಮ್ಮೆಯಿದೆ. ಅವಳಿಗೆ ಹೇಳಿಲ್ಲ, ಇಲ್ಲಿ ಓದಿಕೊಳ್ಳಲಿ.

ಕಾಲಿಗೂ ಒಂದು ಉಪಾಯ ಹೇಳಿಕೊಟ್ಟರು. ಕಾಲು ಅಂಟಿಕೊಂಡರೆ ಎಳೆಯಬಾರದು. ನಿಲ್ಲಬೇಕು, ಉಸಿರು ತೆಗೆದುಕೊಳ್ಳಬೇಕು, ನೆಲದ ಮೇಲಿನ ಒಂದು ಗೆರೆ ನೋಡಿ ಅದನ್ನು ದಾಟುವ ಹಾಗೆ ಹೆಜ್ಜೆ ಎತ್ತಬೇಕು. ದವಾಖಾನೆಯಲ್ಲಿ ನೆಲಕ್ಕೆ ಬಣ್ಣದ ಪಟ್ಟಿ ಅಂಟಿಸಿದ್ದರು. ನಮ್ಮ ಅಂಗಳಕ್ಕೆ ಪಟ್ಟಿ ಯಾಕೆ? ಮುನಿಗಳು ನಿಲ್ಲುವ ಜಾಗದ ಸುತ್ತ ನಾನು ರಂಗೋಲಿ ಹಾಕಿದೆ, ಸೂರ್ಯನ ಕಿರಣದ ಹಾಗೆ ಹೊರಗೆ ಚಾಚಿದ ಗೆರೆಗಳು. ಒಂದೊಂದು ಗೆರೆಗೆ ಒಂದೊಂದು ಹೆಜ್ಜೆ. ಕೈಯಲ್ಲಿ ನೀರು ತುಂಬಿದ ಕಲಶ, ಬಾಯಲ್ಲಿ ಮಾತು, ಕಾಲಡಿ ಗೆರೆ. ಬೇಸಿಗೆಯಿಡೀ ಸುತ್ತಿದೆ. ನಡುವೆ ಮುನಿಗಳು ನಿಲ್ಲುವಲ್ಲಿ ಒಂದು ಸ್ಟೂಲು. ದಾರಿಯಲ್ಲಿ ಹೋಗುವವರು ರಾಜಮತಿ ಸ್ಟೂಲಿಗೆ ಪ್ರದಕ್ಷಿಣೆ ಹಾಕುತ್ತಿದ್ದಾಳೆ ಎಂದು ನಕ್ಕಿರಬೇಕು. ನಗಲಿ.

ಒಂದು ಬೆಳಿಗ್ಗೆ ಸ್ಮಿತಾ ತವರಿಗೆ ಹೋಗಿದ್ದಾಗ ಕುಕ್ಕರ್, ಒಗ್ಗರಣೆ, ಹಾಲು ಮೂರನ್ನೂ ಇಟ್ಟು ಮೂರನ್ನೂ ಇಳಿಸಿದೆ. ಇಳಿಸಿದ ಮೇಲೆ ನನಗೆ ಅರಿವಾಯಿತು. ಕಂಪ್ಯೂಟರಿನಿಂದಲೋ, ಗುಳಿಗೆಯಿಂದಲೋ, ಹಟದಿಂದಲೋ ನನಗೆ ಗೊತ್ತಿಲ್ಲ. ಮೃಣಾಲಳಿಗೂ ಖಚಿತ ಹೇಳಲು ಬರಲಿಲ್ಲ. ಕೆಲವರಿಗೆ ಉಪಯೋಗ ಆಗುತ್ತದೆ, ಕೆಲವರಿಗೆ ಅಷ್ಟಾಗಿ ಇಲ್ಲ, ಬಿಟ್ಟರೆ ಹಿಂದೆ ಸರಿಯಲೂಬಹುದು ಎಂದಳು. ಸುಳ್ಳು ಭರವಸೆ ಕೊಡದ ಅವಳ ಮೇಲೆ ನನಗೆ ಇನ್ನಷ್ಟು ನಂಬಿಕೆ ಬಂತು.

ಈ ವರ್ಷದ ಚಾತುರ್ಮಾಸಕ್ಕೆ ನಮ್ಮ ಬಸದಿಗೆ ಬೇರೆ ಮುನಿಗಳು ಬಂದರು. ನಾನೇ ಕಲಶ ಹಿಡಿಯುತ್ತೇನೆ ಎಂದೆ. ಮನೆಯಲ್ಲಿ ಯಾರೂ ಬೇಡ ಎನ್ನಲಿಲ್ಲ, ಹೂಂ ಎಂದೂ ಅನ್ನಲಿಲ್ಲ. ಮುನಿಗಳ ಆಹಾರ ಆಗುವ ತನಕ ನಾನು ಬಾಯಿಗೆ ಏನೂ ಹಾಕಿದವಳಲ್ಲ. ಆದರೆ ಬೆಳಗಿನ ಗುಳಿಗೆ ತಪ್ಪಿದರೆ ಕಾಲು ಏಳುವುದಿಲ್ಲ. ಲೋಟ ಕೈಯಲ್ಲಿ ಹಿಡಿದು ತುಂಬ ಹೊತ್ತು ನಿಂತೆ. ಯಜಮಾನರು ನೋಡಿದರು.

"ನುಂಗ. ಔಷಧ ಊಟ ಅಲ್ಲ. ನೀ ನಿಂತ್ರನ ಅವರಿಗೆ ಊಟ."

ನುಂಗಿದೆ. ಆ ಮನುಷ್ಯನಿಗೆ ಅಪರೂಪಕ್ಕೆ ಒಳ್ಳೆಯ ಮಾತು ಬರುತ್ತದೆ.

ಮೊದಲ ಕೆಲವು ದಿನ ಮುನಿಗಳು ನಮ್ಮ ಓಣಿಗೇ ಬರಲಿಲ್ಲ. ಒಂದು ದಿನ ಬಂದರು, ನಿಲ್ಲದೆ ಹೋದರು. ನಾನು ದಿನವೂ ನಿಂತೆ. ಎದುರಿನ ಬಾಗಿಲಲ್ಲಿ ಕುಸುಮಕ್ಕ ತೆಂಗಿನಕಾಯಿ ಹಿಡಿದು ನಿಲ್ಲುತ್ತಿದ್ದಳು. ನನ್ನ ಕೈಯನ್ನೇ ನೋಡುತ್ತಿದ್ದಳು.

ಅವತ್ತು ಮಳೆ ಬಿಟ್ಟಿತ್ತು. ಮುನಿಗಳು ತಲೆ ತಗ್ಗಿಸಿ ನೆಲ ನೋಡುತ್ತ ಬಂದರು. ನಮೋಸ್ತು ಸ್ವಾಮಿ, ನಮೋಸ್ತು, ನಮೋಸ್ತು. ನನ್ನ ದನಿ ಪಾರ್ಕಿನ್ಸನ್ಸ್ ಬಂದಾಗಿನಿಂದ ಸಣ್ಣದಾಗಿದೆ, ಆದರೂ ಕರೆದೆ.

ನಿಂತರು.

ಮೊದಲ ಸುತ್ತು. ಗೆರೆ, ಹೆಜ್ಜೆ. ಗೆರೆ, ಹೆಜ್ಜೆ. ಎರಡನೆಯ ಸುತ್ತು. ಮೂರನೆಯದಕ್ಕೆ ತಿರುಗುವಾಗ ಬಲಗಾಲು ಅಂಟಿಕೊಂಡಿತು. ಹೋದ ವರ್ಷದ ಜಾಗವೇ. ಹಿಂದೆ ಯಜಮಾನರ ಉಸಿರು ನಿಂತದ್ದು ನನಗೆ ಕೇಳಿಸಿತು. ನಾನು ಎಳೆಯಲಿಲ್ಲ. ನಿಂತೆ. ಉಸಿರು ತೆಗೆದುಕೊಂಡೆ. ಮುಂದಿನ ಗೆರೆ ನೋಡಿದೆ. ಮಳೆಗೆ ಅರ್ಧ ಅಳಿಸಿತ್ತು, ಉಳಿದ ಅರ್ಧ ಸಾಕಾಯಿತು. ಕಾಲು ಎದ್ದಿತು. ಸುತ್ತು ಮುಗಿಯಿತು, ಕಲಶದ ನೀರು ಚೆಲ್ಲಲಿಲ್ಲ.

'ಮನ ಶುದ್ಧಿ' ಎಂದೆ. 'ವಚನ ಶುದ್ಧಿ' ಎಂದೆ. ಮುಂದಿನದು ನಾಲಗೆಯ ಮೇಲೇ ಇತ್ತು. ಮರೆತಿರಲಿಲ್ಲ. ಆದರೂ ನಿಂತೆ. ಎದುರಿನ ಬಾಗಿಲಲ್ಲಿ ಕುಸುಮಕ್ಕ ಇದ್ದಾಳೆ, ಅವಳ ಮಾತು ನನ್ನೊಳಗೆ ಇದೆ. ಈ ಮೈ ಶುದ್ಧವೇ? ನಡುಗುವ, ಬಿಗಿಯುವ, ಗುಳಿಗೆಯಿಲ್ಲದೆ ಏಳದ ಈ ಮೈ? ಈ ಮೈಯನ್ನು ನಾನು ಬೆಳಿಗ್ಗೆ ಎಬ್ಬಿಸಿದ್ದೇನೆ, ಮೀಯಿಸಿದ್ದೇನೆ, ಮಡಿ ಉಡಿಸಿದ್ದೇನೆ. ಬೇಸಿಗೆಯಿಡೀ ಸ್ಟೂಲಿಗೆ ಸುತ್ತು ಹಾಕಿಸಿದ್ದೇನೆ. ಇಷ್ಟು ಜತನದಿಂದ ಇದನ್ನು ನಾನು ಎಂದೂ ನೋಡಿಕೊಂಡಿರಲಿಲ್ಲ.

'ಕಾಯ ಶುದ್ಧಿ' ಎಂದೆ. ಓಣಿಗೆಲ್ಲ ಕೇಳುವ ಹಾಗೆ ಹೇಳಿದೆ.

ಮುನಿಗಳು ಒಳಗೆ ಬಂದರು. ಆಸನ, ಪಾದ, ಅರ್ಘ್ಯ, ನಮಸ್ಕಾರ, ಒಂದೂ ಹಿಂದು ಮುಂದಾಗಲಿಲ್ಲ. ಅಂಜಲಿ ತೆರೆದಾಗ ಮೊದಲ ತುತ್ತು ನಾನೇ ಇಟ್ಟೆ. ಕೈ ಅಲುಗಲಿಲ್ಲ. ಪದ್ಧತಿಯಂತೆ ನೆರೆಯವರೂ ಶುದ್ಧಿಯ ಮಾತು ಹೇಳಿ ಒಳಗೆ ಬಂದರು, ಕುಸುಮಕ್ಕ ನನ್ನ ಪಕ್ಕದಲ್ಲೇ ಬಂದು ನಿಂತಳು. ಅನ್ನದ ಪಾತ್ರೆ ಹಿಡಿದು ನನ್ನ ಕಡೆ ಚಾಚಿದಳು, ನಾನು ತೆಗೆದು ತೆಗೆದು ಕೊಟ್ಟೆ. ಅಂತರಾಯವಿಲ್ಲದೆ ಆಹಾರ ಮುಗಿಯಿತು.

ಇದರಿಂದ ರೋಗವೇನೂ ಹೋಗಿಲ್ಲ. ಮರುವಾರ ಮತ್ತೆ ಒಮ್ಮೆ ಅಡುಗೆಮನೆಯಲ್ಲಿ ದಾರಿ ತಪ್ಪಿ ನಿಂತಿದ್ದೆ. ಮುಂದಿನ ಚಾತುರ್ಮಾಸಕ್ಕೆ ಹೇಗಿರುತ್ತೇನೋ ಯಾರು ಬಲ್ಲರು? ಲ್ಯಾಪ್‌ಟಾಪ್ ಈಗಲೂ ದಿನವೂ ತೆರೆಯುತ್ತೇನೆ. ಡಾಕ್ಟರು, ಮೃಣಾಲ್, ನನ್ನ ಸೊಸೆ, ಇವರ ಋಣ ದೊಡ್ಡದು.

ನಮ್ಮ ಮನೆಯಲ್ಲಿ ಆಹಾರವಾದ ಆ ದಿನ ಮಧ್ಯಾಹ್ನ ಬಸದಿಯಲ್ಲಿ ಪ್ರವಚನಕ್ಕೆ ಮೊದಲು ಎಂದಿನಂತೆ ಅಂದಿನ ಆಹಾರ ಯಾರ ಮನೆಯಲ್ಲಾಯಿತು ಎಂದು ಮೈಕಿನಲ್ಲಿ ಹೇಳಿದರು. ಯಾವಾಗಲೂ ಮನೆಯ ಗಂಡಸಿನ ಹೆಸರು ಹೇಳುವುದು ರೂಢಿ, ನಮ್ಮ ಯಜಮಾನರ ಹೆಸರನ್ನೇ ಹೇಳಿದರು. ಗಂಡಸರ ಸಾಲಿನಲ್ಲಿ ಕೂತಿದ್ದ ಅವರು ಎದ್ದು ನಿಂತರು. ನಾಲ್ಕು ಜನರ ಮುಂದೆ ಬಾಯಿ ತೆರೆಯದ ಮನುಷ್ಯ.

"ಪ್ರತಿ ಸಲ ನನ್ನ ಹೆಸರ ಬ್ಯಾಡ್ರಿ. ಇವತ್ತ ಆಹಾರ ಕೊಟ್ಟಾಕಿ ನನ್ನ ಹೆಂಡ್ತಿ, ರಾಜಮತಿ. ಹಂಗಂತ ಹೇಳ್ರಿ."

ಮೈಕಿನಲ್ಲಿ ನನ್ನ ಹೆಸರು ಬಂತು. ಹೆಂಗಸರೆಲ್ಲ ತಿರುಗಿ ನೋಡಿದರು. ನನ್ನ ಬಲಗೈ ಮಡಿಲಲ್ಲಿ ನಡುಗುತ್ತಿತ್ತು. ಸೆರಗು ಹೊದಿಸಿ ಮುಚ್ಚಬಹುದಿತ್ತು. ಮುಚ್ಚಲಿಲ್ಲ.